ಟ್ಯಾನಿನ್‌ಗೆ ಕನ್ನಡದಲ್ಲಿ ಏನನ್ನೋಣ? (ಸಂಜೆಯೊಳಗೆ ಬೇಕು)

ಗೆಳೆಯರೇ, ಒಂದು ಪೋಸ್ಟರನ್ನು ಕನ್ನಡಕ್ಕೆ ತರುತ್ತಿದ್ದೇನೆ, ಸಂಜೆ ಆರಕ್ಕೆ ಪ್ರಿಂಟಿಗೆ ಹೋಗಬೇಕು. ಇಲಿಗಳಿಗೆ ಸ್ಟ್ರೆಪ್ಟೋಜೋಟೋಸಿನ್ ಚುಚ್ಚಿ ಸಕ್ಕರೆ ಕಾಯಿಲೆ ತರಿಸಿ, ಆಮೇಲೆ ಅಳಲೆಕಾಯಿಯಲ್ಲಿರುವ, ಬಾಯಿ ಒಗರು ಮಾಡುವ ಟ್ಯಾನಿನ್ ಕೊಟ್ಟು ನೋಡಿದ ಪ್ರಯೋಗ. ‘ಮಧುಮೇಹಿ ಇಲಿಗಳಲ್ಲಿ ಒಗರಿನ ಪ್ರಯೋಜನ’ ಅಂತ ಹಾಕಿದ್ದೇನೆ. ಸರಿ ಇದೆಯಾ?

> ಸರಿ ಇಲ್ಲ. ಒಗರು ರುಚಿ, ವಸ್ತು ಅಲ್ಲ. ಇಲಿಗೆ ಕೊಳವೆ ಇಳಿಸಿ ನೇರ ಹೊಟ್ಟೆಗೆ ಬಿಡುತ್ತಾರೆ, ನಾಲಗೆಗೇ ತಾಗದ್ದು ಒಗರು ಹೇಗಾಯ್ತು? ಮಲೆನಾಡಿನಲ್ಲಿ ಪದ ಸಿದ್ಧವಾಗೇ ಇದೆ: ಚೊಗರು. ಎಳೆ ಅಡಿಕೆ ಬೇಯಿಸಿದ ನೀರು ಹಂಡೆಯಲ್ಲಿ ಬತ್ತಿ ಬತ್ತಿ ಕೆಂಪಗೆ ಮಂದ ಆಗುತ್ತಲ್ಲ, ಅದು. ನಮ್ಮಜ್ಜಿಯ ಸೆರಗಿಗೆ ಬಿದ್ದ ಚೊಗರಿನ ಕಲೆ ಸೀರೆ ಹರಿದರೂ ಹೋಗಲಿಲ್ಲ. ಇನ್ನು ‘ಮಧುಮೇಹಿ ಇಲಿ’ ಅಂದರೆ ಇಲಿಯೇ ಕಾಯಿಲೆ ತಂದುಕೊಂಡ ಹಾಗಿದೆ. ಇನ್ಸುಲಿನ್ ತಯಾರಿಸುವ ಅದರ ಬೀಟಾ ಕೋಶಗಳನ್ನು ಕೊಂದಿದ್ದು ನಾವು.

> ಚೊಗರು, ತೊಗರು, ತೊಗಲು, ತೊಗಟೆ ಎಲ್ಲಾ ಒಂದೇ ಬೇರು! ತೊಗಲು ಹದ ಮಾಡೋದು ತಂಗಡಿ ತೊಗಟೆಯಿಂದ. ಟ್ಯಾನಿನ್ ಅನ್ನೋ ಹೆಸರೂ ಚರ್ಮ ಹದ ಮಾಡೋ ಓಕ್ ತೊಗಟೆಯಿಂದಲೇ ಬಂದಿದ್ದು. ‘ತೊಗರು’ ಅಂತಿಡಿ.

> ಸುಮ್ನಿರಿ ಸಾರ್. ತಮಿಳಲ್ಲಿ ಒಗರಿಗೆ ತುವರ್, ಚರ್ಮಕ್ಕೆ ತೋಲ್. ಬೇರೆ ಬೇರೆ ಮಾತು. ತೊಗರು ಅಂತ ಬರೆದರೆ ಇಲಿಗೆ ತೊಗರಿಬೇಳೆ ಹಾಕಿದ್ರು ಅಂದುಕೊಳ್ಳುತ್ತಾರೆ. ಚೊಗರಲ್ಲಿ ಟ್ಯಾನಿನ್ ಇದೆ, ಚೊಗರೇ ಟ್ಯಾನಿನ್ ಅಲ್ಲ. ಟೀಯಲ್ಲೂ ಇದೆ, ಟೀ ಅನ್ನೋಣವಾ? ಸ್ಟ್ರೆಪ್ಟೋಜೋಟೋಸಿನ್ ಅನ್ನೇ ಕಣ್ಮುಚ್ಚಿ ನುಂಗಿದ್ದೀರಿ, ಮೂರಕ್ಷರದ ಟ್ಯಾನಿನ್ ಯಾಕೆ ಗಂಟಲಲ್ಲಿ ಸಿಕ್ಕಿಕೊಳ್ತು? ‘ಪ್ರಯೋಜನ’ ಮೊದಲು ತೆಗೆಯಿರಿ. ಟ್ಯಾನಿನ್ ಪಿಷ್ಟ ಅರಗಿಸೋ ಕಿಣ್ವಕ್ಕೆ ಅಂಟಿಕೊಂಡು ಸಕ್ಕರೆ ಏರೋದನ್ನ ನಿಧಾನ ಮಾಡುತ್ತದೆ, ನಿಜ. ಆದರೆ ಅಂಟಿಕೊಳ್ಳೋ ಅದೇ ಗುಣದಿಂದ, ಜಾಸ್ತಿ ಆದರೆ ಪ್ರೋಟೀನು, ಕಬ್ಬಿಣ ಮೈಗೆ ಹತ್ತೋದಿಲ್ಲ. ‘ಪರಿಣಾಮ’ ಸಾಕು.

> ಹೀಗೇ ಒಂದೊಂದೇ ಬಿಟ್ಟುಕೊಡಿ. ನಾಳೆ ಬಾಳೆಹೂವಿನ ಪಲ್ಯ ‘ಆಸ್ಟ್ರಿಂಜೆಂಟ್’ ಆಗಿದೆ ಅಂತೀರಿ.

> ಈಗಾಗಲೇ ಅಂತಾರೆ. ನಮ್ಮನೇಲೇ.

ಟೈಮ್ ಆಯ್ತು, ಕಳಿಸಿಬಿಟ್ಟೆ: ‘ಸಕ್ಕರೆ ಕಾಯಿಲೆ ತರಿಸಿದ ಇಲಿಗಳಲ್ಲಿ ಅಳಲೆಕಾಯಿ ಟ್ಯಾನಿನ್‌ನ ಪರಿಣಾಮ’. ಕೆಳಗೆ ಸಣ್ಣಕ್ಷರದಲ್ಲಿ ‘ಟ್ಯಾನಿನ್: ಅಡಿಕೆ ಚೊಗರಿನಲ್ಲೂ ಇರುವ, ಬಾಯಿ ಒಗರು ಮಾಡುವ ಅಂಶ’ ಅಂತ ಸೇರಿಸಿದ್ದೇನೆ. ಎಲ್ಲರಿಗೂ ಥ್ಯಾಂಕ್ಸ್.

> ‘ಟ್ಯಾನಿನ್‌ನ’ ಅಲ್ಲ, ‘ಟ್ಯಾನಿನ್ನಿನ’. ಒಂದು ಸಲ ಕೇಳಬಾರದಿತ್ತಾ?