ಸ್ಪೀಡ್‌ಬೋಟ್ ಎಂಜಿನ್ನಿಗೆ ಯಾವ ಪೆಟ್ರೋಲ್? ಅನುಭವ ಇದ್ದವರು ಹೇಳಿ

ಮಲ್ಪೆ ಬೀಚ್
ಎಲ್ಲರಿಗೂ ನಮಸ್ಕಾರ. ಮಲ್ಪೆಯಲ್ಲಿ ಪ್ರವಾಸಿಗರನ್ನು ಸುತ್ತಾಡಿಸುವ ಬೋಟ್ ಇದೆ. ಹೋದ ತಿಂಗಳು ಹೊರದೇಶದಿಂದ ಬಂದ ಸೆಕೆಂಡ್ ಹ್ಯಾಂಡ್ 200 ಎಚ್‌ಪಿ ಔಟ್‌ಬೋರ್ಡ್, ಅಂದರೆ ಬೋಟಿನ ಹಿಂದೆ ತೂಗುಹಾಕುವ ಎಂಜಿನ್, ಹಾಕಿಸಿದೆ. ಫೋರ್ ಸ್ಟ್ರೋಕ್, ಕಂಪ್ರೆಷನ್ ಜಾಸ್ತಿ ಇರುವ ಮಾಡೆಲ್. ಜೊತೆಗೆ ಬಂದ ಪುಸ್ತಕದಲ್ಲಿ 91 ಆಕ್ಟೇನ್ (ಪೆಟ್ರೋಲು ಒತ್ತಡಕ್ಕೆ ತಾನಾಗಿ ಸಿಡಿಯದೆ ತಡೆದುಕೊಳ್ಳುವ ಅಳತೆ) ಬೇಕು, ಪೆಟ್ರೋಲಿಗೆ ಬೆರೆಸುವ ಎಥನಾಲ್ 10 ಪರ್ಸೆಂಟ್ ದಾಟಬಾರದು ಅಂತ ಇದೆ. ಬಂಕಿನವರು ಸಾದಾ ಸಾಕು ಅಂತಾರೆ. ಎಂಜಿನ್ ಕೂರಿಸಿದವರು 100 ಆಕ್ಟೇನಿನದ್ದೇ ಹಾಕಿ ಅಂತಾರೆ. ನೀವೆಲ್ಲ ಏನು ಹಾಕ್ತೀರಿ?

ಕಾಳಿ ತೀರ, ಕಾರವಾರ
100. ಕಣ್ಣು ಮುಚ್ಚಿ 100. ಯಾಕೆ ಅಂತ ನನ್ನ ಕಥೆ ಕೇಳಿ.

ಎರಡು ವರ್ಷದ ಹಿಂದೆ ಮೇ ಕೊನೆಗೆ ಬೋಟ್ ಮೇಲೆ ಎಳೆದಿಟ್ಟೆ. ಟ್ಯಾಂಕ್ ಅರ್ಧ ತುಂಬಿತ್ತು. ಇರಲಿ, ಸೆಪ್ಟೆಂಬರಿಗೆ ಬೇಕಾಗ್ತದೆ ಅಂತ ಬಿಟ್ಟೆ. ನಮ್ಮ ಕಡೆ ಮಳೆಗಾಲ ಗೊತ್ತಲ್ಲ, ಗೋಡೆಯೇ ಬೆವರುತ್ತದೆ. ಪೆಟ್ರೋಲಿನಲ್ಲಿರುವ ಎಥನಾಲ್ ನಾಲ್ಕು ತಿಂಗಳು ಕೂತು ಆ ತೇವ ಕುಡಿದಿದೆ. ಸೆಪ್ಟೆಂಬರಲ್ಲಿ ಫಿಲ್ಟರಿನ ಬಟ್ಟಲು ಬಿಚ್ಚಿ ಗಾಜಿನ ಲೋಟಕ್ಕೆ ಸುರಿದರೆ ಕೆಳಗೆ ಎರಡು ಬೆರಳು ಮಬ್ಬು ನೀರು, ಮೇಲೆ ಪೆಟ್ರೋಲು. ನಡುವೆ ಗೆರೆ ಎಳೆದ ಹಾಗೆ. ಅದಕ್ಕೂ ಮೊದಲು ನಾನು ಸ್ಟಾರ್ಟ್ ಮಾಡಿ ನೋಡಿ ಆಗಿತ್ತು.

ಲೆಕ್ಕ ಬೇಕಾ? ಇಂಜೆಕ್ಟರ್ ನಾಲ್ಕಕ್ಕೆ 46,000. ಪೆಟ್ರೋಲ್ ಪಂಪ್ 31,500. ಬಿಚ್ಚಿ ತೊಳೆದ ಕೂಲಿ 6,000. ಕ್ರೇನ್ 2,500. ಪಾರ್ಸೆಲ್ 780. ಒಟ್ಟು 86,780. ಆ 780ರ ಪಾರ್ಸೆಲ್ಲಿನಲ್ಲಿ ಒಂದು ಓ ರಿಂಗ್ ಕಡಿಮೆ ಬಂತು ಅಂತ ಮತ್ತೆ ಎಂಟು ದಿನ. ದಸರಾ ರಜೆಯ ದುಡಿಮೆ ಪೂರ್ತಿ ಹೋಯಿತು.

ಈಗ 100 ಹಾಕುವುದು ಸ್ಪೀಡಿಗಲ್ಲ. ಅದರಲ್ಲಿ ಎಥನಾಲ್ ಬೆರೆಸಿಲ್ಲ ಅಂತ ಮಾತ್ರ. 95ರ ಪ್ರೀಮಿಯಂ ಅಂತ ಕೊಡುವುದರಲ್ಲಿ ಎಥನಾಲ್ ಇದ್ದೇ ಇದೆ. ಬೆಂಗಳೂರಿಂದ ಬರುವ ಭಾವನ ಕಾರಲ್ಲಿ ಎರಡು ಕ್ಯಾನ್ ತರಿಸ್ತೇನೆ. ಲೀಟರಿಗೆ 160ರ ಆಸುಪಾಸು. ಬೀಳಲಿ.

ಹೊನ್ನಾವರ ಮೆಕ್ಯಾನಿಕ್
ಕಾರಿನ ಡಿಕ್ಕಿಯಲ್ಲಿ ಪೆಟ್ರೋಲ್ ಕ್ಯಾನ್ ಇಟ್ಟು ಘಾಟಿ ಇಳಿಸ್ತೀರಾ? ಭಾವ ಬೇಡವಾಗಿದ್ದರೆ ಬೇರೆ ದಾರಿ ಇದೆ ಮಾರಾಯ್ರೇ.

ಇಪ್ಪತ್ತು ವರ್ಷದಿಂದ ಇದೇ ಕೆಲಸ. ಪಿಸ್ಟನ್ ಹೋದ ಎಂಜಿನ್ ತಂದು ಎಲ್ಲರೂ ಪೆಟ್ರೋಲಿಗೆ ಬೈತಾರೆ. ಹೋದ ಜನವರಿಯಲ್ಲಿ ಒಂದು 115 ಎಚ್‌ಪಿ ಎಂಜಿನ್ ಬಂತು. ಪಿಸ್ಟನ್ ತಲೆ ಇಲಿ ಕಚ್ಚಿದ ಹಾಗೆ ಅಂಚಲ್ಲಿ ಹೋಗಿತ್ತು. ನಾಕಿಂಗ್ ಅದು, ಸಿಲಿಂಡರ್ ಒಳಗೆ ಪೆಟ್ರೋಲು ತಾನಾಗಿ ಸಿಡಿಯುವುದು. ಕಾರಲ್ಲಾದರೆ ಟಿಣ್ ಟಿಣ್ ಅಂತ ಕೇಳ್ತದೆ, ಪೆಡಲ್ ಬಿಡ್ತೀರಿ. ಬೋಟಲ್ಲಿ ಗಾಳಿ, ನೀರು, ಪ್ರವಾಸಿಗರ ಕೂಗು, ಏನೂ ಕೇಳಲ್ಲ. ಓನರ್ 95ರದ್ದೇ ಹಾಕ್ತಿದ್ದರು. ಆದರೂ ಹೋಯಿತು!

ನಾನು ನೋಡಿದ್ದು ಪ್ರೊಪೆಲ್ಲರ್. 21 ಪಿಚ್, ಅಂದರೆ ಒಂದು ಸುತ್ತಿಗೆ 21 ಇಂಚು ಮುಂದೆ ಹೋಗುವ ಲೆಕ್ಕ. ಹನ್ನೆರಡು ಜನ ಕೂರಿಸಿ ಪೂರ್ತಿ ಕೊಟ್ಟರೂ ಆರ್‌ಪಿಎಂ 4,400 ದಾಟುತ್ತಿರಲಿಲ್ಲ. ಆ ಎಂಜಿನ್ 5,000 ದಾಟಿ ತಿರುಗಬೇಕು. ಬೋಟ್ ಎಂಜಿನ್ ಅಂದರೆ ಬೆಳಗಿಂದ ಸಂಜೆ ತನಕ ಆಗುಂಬೆ ಘಾಟಿ ಹತ್ತುವ ಲಾರಿ. ಅದಕ್ಕೆ ಟಾಪ್ ಗೇರ್ ಹಾಕಿ ಕೂತರೆ ಯಾವ ಆಕ್ಟೇನ್ ಕಾಪಾಡ್ತದೆ? 17 ಪಿಚ್ ಹಾಕಿದೆ, 5,200ಕ್ಕೆ ಬಂತು. ಜೊತೆಗೆ ಥರ್ಮೋಸ್ಟಾಟಿನಲ್ಲಿ ಉಪ್ಪು ಕಟ್ಟಿ ಬಿಸಿಯೂ ಏರುತ್ತಿತ್ತು. ದಿನಾ ಸಿಹಿನೀರು ಬಿಡಿ ಅಂದರೆ ಯಾರು ಕೇಳ್ತಾರೆ.

ಕಾಳಿ ತೀರ, ಕಾರವಾರ
ನನ್ನ ಪ್ರೊಪೆಲ್ಲರ್ ಸರಿ ಇದೆ. ಗೋಳು ನೀರಿನದು. ಪೂರ್ತಿ ಓದಿ ಆಮೇಲೆ ಬೈಯಿರಿ.

ಹೊನ್ನಾವರ ಮೆಕ್ಯಾನಿಕ್
ಓದಿದೆ. ಮಳೆಗಾಲಕ್ಕೆ ಮೊದಲು ಟ್ಯಾಂಕ್ ಖಾಲಿ ಮಾಡದೆ ಬಿಟ್ಟಿದ್ದು ನೀವು. 86,780 ಸೋಮಾರಿತನದ ಬಿಲ್ಲು. ಅದಕ್ಕೆ 100ರದ್ದು ಔಷಧಿ ಅಲ್ಲ.

ಗಂಗೊಳ್ಳಿ ಅಳಿವೆ
ನಿಮ್ಮ 95, 100 ಓದಿ ನಗು ಬಂತು. ನಮ್ಮ ನಾಡದೋಣಿ 9.9 ಎಚ್‌ಪಿ. ಸ್ಟಾರ್ಟ್ ಮಾಡುವುದಕ್ಕೆ ಪೆಟ್ರೋಲು, ಬಿಸಿ ಆದ ಮೇಲೆ ಸೀಮೆಎಣ್ಣೆ. ದಡಕ್ಕೆ ಬರುವ ಮೊದಲು ಮತ್ತೆ ಪೆಟ್ರೋಲಿಗೆ ತಿರುಗಿಸಿ ಕಾರ್ಬುರೇಟರ್ ತೊಳೆಯಬೇಕು. ಒಂದು ದಿನ ಮರೆತರೆ ಮರುದಿನ ಬೆಳಗ್ಗೆ ಹಗ್ಗ ಎಳೆದು ಎಳೆದು ತೋಳು ಬೀಳ್ತದೆ. ಸೀಮೆಎಣ್ಣೆಗೆ ಆಕ್ಟೇನ್ ಎಲ್ಲಿಂದ ಬರಬೇಕು? ಆದರೂ ಹನ್ನೊಂದು ವರ್ಷ ಓಡಿದೆ. ಜೂನ್, ಜುಲೈ ದೊಡ್ಡ ಬೋಟುಗಳಿಗೆ ನಿಷೇಧ ಇರುವಾಗಲೂ ಕಡಲು ಬಿಟ್ಟರೆ ನಾವು ಹೋಗ್ತೇವೆ. ನಿಮ್ಮ ಟ್ಯಾಂಕಿನ ಹಾಗೆ ನಾಲ್ಕು ತಿಂಗಳು ಮಲಗಲ್ಲ.

ಸಿಟ್ಟು ಬರುವುದು ಬೇರೆ ವಿಷಯಕ್ಕೆ. ಇಂಥ 200 ಎಚ್‌ಪಿ ಶೋಕಿ ಬೋಟು ಹೋದ ಡಿಸೆಂಬರಲ್ಲಿ ನಮ್ಮ ಬಲೆಯ ಮೇಲೇ ಹೋಯಿತು. ಬೆಂಡು ಕಾಣಲಿಲ್ಲವಂತೆ. ನನಗೆ 38,000 ಲಾಸು.

ಹೊನ್ನಾವರ ಮೆಕ್ಯಾನಿಕ್
ಸೀಮೆಎಣ್ಣೆ ಎಂಜಿನ್ನಿನ ಕಂಪ್ರೆಷನ್ ಬೇಕೆಂದೇ ಕಡಿಮೆ ಇಟ್ಟಿರ್ತಾರೆ ಅಣ್ಣ. ಅದಕ್ಕೇ ಓಡ್ತದೆ. ಇವರ ಎಂಜಿನ್ನಿಗೆ ಅದನ್ನು ಹಾಕಿದರೆ ಅವತ್ತೇ ತಿಥಿ.

ಗಂಗೊಳ್ಳಿ ಅಳಿವೆ
ಹಾಕಿ ಅಂತ ಯಾರು ಹೇಳಿದ್ದು? ಬಲೆ ವಿಷಯಕ್ಕೆ ಮಾತಾಡಿ.

ಫ್ಲೋರಿಡಾದಿಂದ
ನಾನು ಕುಂದಾಪುರದವನೇ. ಇಲ್ಲಿ ಟ್ಯಾಂಪಾ ಹತ್ತಿರ 21 ಅಡಿ ಬೋಟ್ ಇದೆ. ನನ್ನ ಗೋಳು ಉಲ್ಟಾ. ದೊಡ್ಡ ಎಂಜಿನ್ ಅಂತ ಮೂರು ವರ್ಷ 93ರ ಪ್ರೀಮಿಯಂ ಸುರಿದೆ. ಬೆಳಗ್ಗೆ ಹೊರಟು ಸಂಜೆ ಬರುವಷ್ಟರಲ್ಲಿ 50 ಗ್ಯಾಲನ್. ಒಂದು ದಿನ ಹೆಂಡತಿ ಇಂಧನದ ಬಾಯಿ ಪಕ್ಕದ ಸ್ಟಿಕ್ಕರ್ ಓದಿ, ಇಲ್ಲಿ 87 ಅಂತ ಇದೆಯಲ್ಲ ಅಂದಳು. ಹೌದು, 87. ಎಂಜಿನ್ ಕೇಳಿದ್ದಕ್ಕಿಂತ ಜಾಸ್ತಿ ಆಕ್ಟೇನ್ ಹಾಕಿದರೆ ಅದಕ್ಕೇನೂ ಸಿಗಲ್ಲ, ಬಂಕಿಗೆ ಸಿಗ್ತದೆ. ಆ ಮೂರು ವರ್ಷದ ದುಡ್ಡಲ್ಲಿ ಊರಿಗೆ ಎರಡು ಸಲ ಬರಬಹುದಿತ್ತು ಅಂತ ಈಗಲೂ ಹಂಗಿಸ್ತಾಳೆ.

ಈಗ ಮರೀನಾದಲ್ಲಿ ಸಿಗುವ ಎಥನಾಲ್ ಇಲ್ಲದ 90 ಹಾಕ್ತೇನೆ. 15 ಪರ್ಸೆಂಟ್ ಎಥನಾಲ್ ಇರುವ ಪಂಪಿನ ಮೇಲೆ ಬೋಟಿಗೆ ಹಾಕಬೇಡಿ ಅಂತಲೇ ಇಲ್ಲಿ ಅಂಟಿಸಿರ್ತಾರೆ. ನಿಮ್ಮಲ್ಲಿ 20.

ಅಂದ ಹಾಗೆ ಇಲ್ಲಿನ ನಂಬರೂ ಅಲ್ಲಿನ ನಂಬರೂ ಒಂದೇ ಅಲ್ಲ. ಅಲ್ಲಿ ಬಂಕಲ್ಲಿ ಬರೆಯುವುದು ರಿಸರ್ಚ್ ಆಕ್ಟೇನ್. ಇಲ್ಲಿ ಎರಡು ಥರದ ಪರೀಕ್ಷೆ ಮಾಡಿ ಸರಾಸರಿ ಹಾಕ್ತಾರೆ. ಇಲ್ಲಿನ 87 ಅಂದರೆ ಅಲ್ಲಿನ ಸುಮಾರು 91. ಇಲ್ಲಿನ 91 ಅಂದರೆ ಅಲ್ಲಿನ 95, 96.

ಕಾಳಿ ತೀರ, ಕಾರವಾರ
ಅಮೆರಿಕದಲ್ಲಿ ಕೂತು ಮರೀನಾ, ಗ್ಯಾಲನ್ ಅನ್ನುವುದು ಸುಲಭ. ನಮಗೆ ಕ್ಯಾನ್ ಹಿಡಿದು ಹೋದರೆ ಬಂಕಿನವರು ಕಳ್ಳನ ಹಾಗೆ ನೋಡ್ತಾರೆ.

ಫ್ಲೋರಿಡಾದಿಂದ
ಸುಮ್ನೆ ಅನುಭವ ಹೇಳಿದೆ. ಬೇಡ ಅಂದರೆ ಬಿಡಿ.

ಹೊನ್ನಾವರ ಮೆಕ್ಯಾನಿಕ್
ಎಥನಾಲ್ ಎಷ್ಟಿದೆ ಅಂತ ಮನೆಯಲ್ಲೇ ನೋಡಬಹುದು. 100 ಎಂಎಲ್ ಅಳತೆ ಗಾಜಿಗೆ 10 ಎಂಎಲ್ ನೀರು, 90 ಎಂಎಲ್ ಪೆಟ್ರೋಲ್ ಹಾಕಿ ಕುಲುಕಿ ಇಡಿ. ಎಥನಾಲ್ ಪೆಟ್ರೋಲ್ ಬಿಟ್ಟು ನೀರಿಗೆ ಇಳಿಯುತ್ತದೆ. ಕೆಳಗಿನ ಗೆರೆ 10ರಲ್ಲೇ ನಿಂತರೆ ಎಥನಾಲ್ ಇಲ್ಲ. 28ರ ಹತ್ತಿರ ಬಂದರೆ 20 ಪರ್ಸೆಂಟ್. ಭಾವ ತರುವ ಕ್ಯಾನಿಗೂ ಒಮ್ಮೆ ಮಾಡಿ ನೋಡಿ.

ಕಾಳಿ ತೀರ, ಕಾರವಾರ
ಭಾವನ ವಿಷಯ ಬಿಡ್ರೀ.

ಮಲ್ಪೆ ಬೀಚ್
ಪುಸ್ತಕ ಮತ್ತೆ ತೆಗೆದು ನೋಡಿದೆ. 91ರ ಪಕ್ಕ ಸಣ್ಣ ಅಕ್ಷರದಲ್ಲಿ ಆರ್ ಪ್ಲಸ್ ಎಂ ಬೈ 2 ಅಂತ ಇದೆ. ಫ್ಲೋರಿಡಾದವರು ಹೇಳಿದ ಸರಾಸರಿ ಇದೇ ಅಲ್ವಾ? ಹಾಗಾದರೆ ನನಗೆ ಬೇಕಾದ್ದು ನಮ್ಮ 95, 96. 20 ಪರ್ಸೆಂಟಿನ ಸಾದಾ ಪೆಟ್ರೋಲಿಗೇ 95 ಇರ್ತದೆ ಅಂತಾರೆ ಬಂಕಿನವರು. ಆಕ್ಟೇನ್ ಸರಿಯಾದರೂ ಎಥನಾಲ್ ಜಾಸ್ತಿ. ಎಥನಾಲ್ ಇಲ್ಲದ್ದು ಬೇಕಾದರೆ 100. ಪೂರ್ತಿ ಥ್ರಾಟಲ್ ಕೊಟ್ಟರೆ ಗಂಟೆಗೆ 65 ಲೀಟರ್ ಕುಡಿಯುತ್ತದೆ. ಲೀಟರಿಗೆ 58 ರೂಪಾಯಿ ವ್ಯತ್ಯಾಸ ಹಿಡಿದರೂ ಗಂಟೆಗೆ 3,770 ಜಾಸ್ತಿ. ಟಿಕೆಟ್ ರೇಟಿಗೆ ಇದು ಕೂರುವುದಿಲ್ಲ.

ನಾಳೆ ಮೊದಲು ನೀರು ಬೇರ್ಪಡಿಸುವ 10 ಮೈಕ್ರಾನ್ ಫಿಲ್ಟರ್ ಹಾಕಿಸ್ತೇನೆ. ಆರ್‌ಪಿಎಂ ಎಷ್ಟಕ್ಕೆ ಹೋಗ್ತದೆ ಅಂತಲೂ ನೋಡ್ತೇನೆ. ಮೆಕ್ಯಾನಿಕ್ ಅಣ್ಣ, ನನ್ನದು 19 ಪಿಚ್. ಜಾಸ್ತಿ ಆಯಿತಾ?

ಗಂಗೊಳ್ಳಿ ಅಳಿವೆ
ಡಿಸೆಂಬರಲ್ಲಿ ನಿಮ್ಮ ಬೋಟು ಯಾವ ಬಣ್ಣ ಇತ್ತು?