ದೀಪಾವಳಿ ಪಟಾಕಿ ಮೈದಾನದಲ್ಲಿ ಒಂದೇ ಕಡೆ: ಪಾಲಿಕೆಯಿಂದ ದುಡ್ಡು ಕೇಳಬೇಕಾ?

ಸಂಘದ ಕಾರ್ಯದರ್ಶಿ, ಬೆಳಿಗ್ಗೆ 7:40
ಎಲ್ಲರಿಗೂ ನಮಸ್ಕಾರ. ದೀಪಾವಳಿಗೆ ಇನ್ನು ಐದು ವಾರ ಇದೆ. ಹೋದ ವರ್ಷ ಬಲಿಪಾಡ್ಯಮಿ ರಾತ್ರಿ ಏನಾಯಿತು ಅಂತ ಎಲ್ಲರಿಗೂ ನೆನಪಿದೆ. 3ನೇ ಕ್ರಾಸಿನ ಖಾಲಿ ಸೈಟಿಗೆ ರಾಕೆಟ್ ಬಿದ್ದು ಒಣಹುಲ್ಲು ಹತ್ತಿಕೊಂಡಿತು. ಹತ್ತು ಹೆಜ್ಜೆ ಆಚೆಗೆ ಟ್ರಾನ್ಸ್‌ಫಾರ್ಮರ್. ಎದುರು ಮನೆಯವರು ಕಟ್ಟಡದ ಕೆಲಸಕ್ಕೆ ಮರಳು ಹಾಕಿಸಿದ್ದರು, ಅದನ್ನೇ ಬಾಂಡ್ಲಿಯಲ್ಲಿ ಹೊತ್ತು ಎರಚಿ ಆರಿಸಿದೆವು. ಆ ಮರಳು ಇಲ್ಲದಿದ್ದರೆ ಏನು ಗತಿ?

ಈ ಸಲ ಗಲ್ಲಿ ಗಲ್ಲಿಯಲ್ಲಿ ಹೊಡೆಯುವುದು ಬಿಟ್ಟು, ಎಲ್ಲರೂ ಮೈದಾನದಲ್ಲಿ ಸೇರಿ ಹೊಡೆಯೋಣ ಅಂತ ಯೋಚನೆ. 2018ರ ಅಕ್ಟೋಬರ್ 23ರಂದು ಸುಪ್ರೀಂ ಕೋರ್ಟ್ ಕೊಟ್ಟ ಆದೇಶದಲ್ಲೇ ಈ ಮಾತು ಇದೆ. ದೀಪಾವಳಿ ರಾತ್ರಿ 8ರಿಂದ 10ರವರೆಗೆ, ಹಸಿರು ಪಟಾಕಿ ಮಾತ್ರ, ಸರಪಟಾಕಿ ಬೇಡ, ಆದಷ್ಟು ಗುರುತಿಸಿದ ಜಾಗದಲ್ಲಿ ಜನ ಒಟ್ಟಿಗೆ ಸೇರಿ ಹೊಡೆಯಲಿ ಅಂತ. ಇದರ ಖರ್ಚನ್ನು ಪಾಲಿಕೆಯಿಂದ ಕೇಳಬಹುದಾ? ನಿಮ್ಮ ಅಭಿಪ್ರಾಯ ಬರೆಯಿರಿ.

2ನೇ ಕ್ರಾಸ್, 17
ಒಂದೇ ಕಡೆ ಹೊಡೆಯುವುದಕ್ಕೆ ನನ್ನ ಪೂರ್ತಿ ಒಪ್ಪಿಗೆ. ಅಮ್ಮನಿಗೆ ಉಬ್ಬಸ. ಹಬ್ಬದ ಮೂರು ದಿನವೂ ಬಾಗಿಲ ಸಂದಿಗೆ ಒದ್ದೆ ಟವೆಲ್ ತುರುಕಿ, ನೆಬ್ಯುಲೈಸರ್ ಪಕ್ಕದಲ್ಲಿಟ್ಟುಕೊಂಡು ಕೂರುತ್ತೇವೆ. ಎಂಬತ್ತು ದಾಟಿದವರು, ಹಬ್ಬದ ದಿನ ಬಾಗಿಲಿಗೆ ಬಂದು ಒಂದು ಹಣತೆ ಹಚ್ಚೋಕೂ ಆಗುವುದಿಲ್ಲ.
ಆದರೆ ಪಟಾಕಿಗೆ ಕಂದಾಯದ ದುಡ್ಡು ಬೇಡ ಸರ್. ನಮ್ಮ ರಸ್ತೆಯಲ್ಲಿ ಬೀದಿದೀಪ ಕೆಟ್ಟು ಎರಡು ತಿಂಗಳಾಯಿತು.

2ನೇ ಕ್ರಾಸ್, 22
ಅಕ್ಕ, ನಿಮ್ಮ ಕಷ್ಟ ಗೊತ್ತು. ಆದರೂ ನಾನು ಪಾಲಿಕೆ ಕೊಡಲಿ ಅಂತಲೇ ಹೇಳುತ್ತೇನೆ. ಮೈಸೂರು ದಸರಾಕ್ಕೆ ಸರ್ಕಾರವೇ ಖರ್ಚು ಮಾಡುವುದಿಲ್ವಾ? ಬನ್ನಿಮಂಟಪದಲ್ಲಿ ಪಂಜಿನ ಕವಾಯತು ನೋಡೋಕೆ ಎಷ್ಟು ಜನ ಸೇರುತ್ತಾರೆ!
ಇನ್ನೊಂದು ವಿಷಯ ಯಾರೂ ಮಾತಾಡುವುದಿಲ್ಲ. 4ನೇ ಮೇನ್ ತುದಿಯಲ್ಲಿ ಕಟ್ಟಡ ಕೆಲಸದವರ ಶೆಡ್‌ಗಳಿವೆ. ಅಲ್ಲಿನ ಮಕ್ಕಳು ರಾತ್ರಿಯೆಲ್ಲ ನಮ್ಮ ಗೇಟಿನ ಮುಂದೆ ನಿಂತು ನೋಡುತ್ತಾರೆ. ಬೆಳಗಾದ ಮೇಲೆ ಠುಸ್ ಆದ ಪಟಾಕಿ ಆರಿಸಿಕೊಂಡು, ಮದ್ದು ಕಾಗದಕ್ಕೆ ಸುರಿದು ಬೆಂಕಿ ಹಚ್ಚುತ್ತಾರೆ. ಹೋದ ಸಲ ಒಬ್ಬ ಹುಡುಗನ ಹುಬ್ಬು ಪೂರ್ತಿ ಸುಟ್ಟುಹೋಯಿತು. ನಾನೇ ಬೈಕಿನಲ್ಲಿ ಕೂರಿಸಿಕೊಂಡು ಹೋದೆ. ದೇವರ ದಯೆ, ಕಣ್ಣು ಉಳಿಯಿತು. ದಾರಿಯುದ್ದಕ್ಕೂ ಅವನು ನನ್ನ ಶರ್ಟು ಬಿಡಲಿಲ್ಲ. ಎಲ್ಲರ ದುಡ್ಡಿನಲ್ಲಿ ಮೈದಾನದಲ್ಲಿ ಹಬ್ಬ ಆದರೆ ಆ ಮಕ್ಕಳೂ ಮುಂದೆ ಬಂದು ನಿಲ್ಲಬಹುದು.

4ನೇ ಮೇನ್, 63
ಒಳ್ಳೆಯ ಕೆಲಸ ಮಾಡಿದೆಯಪ್ಪ. ಆ ಮಕ್ಕಳ ಮಾತು ನೂರಕ್ಕೆ ನೂರು ನಿಜ. ಮಿಂಟೋ ಕಣ್ಣಾಸ್ಪತ್ರೆಯಲ್ಲಿ ಪ್ರತಿ ದೀಪಾವಳಿಗೂ ಪಟಾಕಿ ಗಾಯಕ್ಕೇ ಹಾಸಿಗೆ ತೆಗೆದಿಡುತ್ತಾರೆ. ಅಲ್ಲಿಗೆ ಬರುವವರಲ್ಲಿ ಸುಮ್ನೆ ನಿಂತು ನೋಡುತ್ತಿದ್ದವರೂ ಇರುತ್ತಾರೆ.
ಆದರೆ ದಸರಾ ನಾಡಹಬ್ಬ. ಅದನ್ನು ಬಡಾವಣೆಯ ಪಟಾಕಿಗೆ ಹೋಲಿಸಬೇಡ. ಇವತ್ತು ನಮಗೆ ಕೊಟ್ಟರೆ ನಾಳೆ ಗಣೇಶನ ಮೆರವಣಿಗೆಗೆ ಕೇಳುತ್ತಾರೆ, ಹೊಸ ವರ್ಷಕ್ಕೆ ಕೇಳುತ್ತಾರೆ. ಯಾರಿಗೆ ಇಲ್ಲ ಅನ್ನುವುದು? ಅತ್ತಿಬೆಲೆ ಮರೆಯಬೇಡಿ. 2023ರ ಅಕ್ಟೋಬರ್ 7ರಂದು ಪಟಾಕಿ ಮಳಿಗೆಗೆ ಬೆಂಕಿ ಬಿದ್ದು, 14ಕ್ಕೂ ಹೆಚ್ಚು ಜನ ಹೋದರು. ಹಬ್ಬದ ಸೀಸನ್ನಿಗೆ ಅಂತ ಕೆಲಸಕ್ಕೆ ಬಂದಿದ್ದ ಹುಡುಗರೇ ಜಾಸ್ತಿ. ಅದಾದ ಮೇಲೆಯೇ ಮೆರವಣಿಗೆ, ಮದುವೆಗಳಲ್ಲಿ ಪಟಾಕಿ ಬೇಡ ಅಂತ ಸರ್ಕಾರ ಹೇಳಿದ್ದು. ಅದೇ ಸರ್ಕಾರದ ಕೆಳಗಿನ ಪಾಲಿಕೆ ಪಟಾಕಿ ಕೊಂಡುಕೊಡುವುದು ಸರಿಯಾ?

3ನೇ ಕ್ರಾಸ್, 38
ನನ್ನ ಮಗಳು ಇಂಗ್ಲೆಂಡಿನಲ್ಲಿದ್ದಾಳೆ. ಅಲ್ಲಿ ನವೆಂಬರ್ 5ಕ್ಕೆ ಊರೂರಲ್ಲಿ ದೊಡ್ಡ ಬೆಂಕಿ ಹಾಕಿ ಬಾಣಬಿರುಸು ಬಿಡುತ್ತಾರೆ. 1605ರಲ್ಲಿ ಪಾರ್ಲಿಮೆಂಟ್ ಕೆಳಗೆ 36 ಪೀಪಾಯಿ ಸಿಡಿಮದ್ದು ಇಟ್ಟಿದ್ದ ಸಂಚು ಬಯಲಾಯಿತಲ್ಲ, ಅದರ ನೆನಪಿಗೆ. ಎಷ್ಟೋ ಕಡೆ ಸ್ಥಳೀಯ ಕೌನ್ಸಿಲ್‌ಗಳೇ ಖರ್ಚು ಹಾಕುತ್ತಿದ್ದವು. ದುಡ್ಡು ಸಾಲದೆ ಈಗ ಕೆಲವು ಕೈಬಿಟ್ಟಿವೆ, ಕೆಲವು ಟಿಕೆಟ್ ಇಟ್ಟಿವೆ. ಅಲ್ಲೂ ಇದೇ ಜಗಳ ಅಂತೆ.
ಆದರೆ ಲೂಯಿಸ್ ಅಂತ ಒಂದು ಊರಿದೆ. ಅಲ್ಲಿ ಕೇರಿಗೊಂದು ಸಂಘ. ಅವರೇ ವರ್ಷವಿಡೀ ದುಡ್ಡು ಕೂಡಿಸಿ, ಪಂಜು ತಾವೇ ಕಟ್ಟಿ ಮೆರವಣಿಗೆ ಮಾಡುತ್ತಾರೆ. ಪೊಲೀಸು, ರಸ್ತೆ ಬಂದ್ ಮಾಡುವುದು ಮಾತ್ರ ಆಡಳಿತದವರ ಕೆಲಸ. ನನಗೆ ಅದು ಹಿಡಿಸಿತು. (ಅಲ್ಲಿನ ಕಾನೂನಿನಲ್ಲಿ ನಮ್ಮ ದೀಪಾವಳಿಯೂ ಇದೆ! ಮಾಮೂಲಿ ದಿನ ರಾತ್ರಿ 11ಕ್ಕೇ ಪಟಾಕಿ ನಿಲ್ಲಿಸಬೇಕು, ದೀಪಾವಳಿಗೆ 1 ಗಂಟೆವರೆಗೂ ಬಿಡುತ್ತಾರೆ.)

1ನೇ ಕ್ರಾಸ್, 5
ನಾವು ಈ ಊರಿನ ಮೂಲದವರು, ಲೇಔಟ್ ಆಗುವ ಮುಂಚಿನವರು. ಈಗ ಪಾರ್ಕಿನ ಗೇಟ್ ಇರುವ ಜಾಗದಲ್ಲೇ ಸಂಕ್ರಾಂತಿಗೆ ಕಿಚ್ಚು ಹಾಕುತ್ತಿದ್ದೆವು. ಮನೆಗೊಂದು ಹೊರೆ ಹುಲ್ಲು. ಕೇಳುವ ಹಾಗೇ ಇರಲಿಲ್ಲ, ಹುಡುಗರು ಹೊತ್ತು ತರುತ್ತಿದ್ದರು. ಹುಲ್ಲು ಇಲ್ಲದ ಮನೆಯವರು ಒಂದು ಕೊಡ ನೀರು ತಂದಿಡುತ್ತಿದ್ದರು, ಕಿಚ್ಚು ಆರಿಸೋಕೆ. ನಮ್ಮ ತಾತ ಎತ್ತುಗಳ ಮೈ ತೊಳೆದು, ಅರಿಶಿನ ಹಚ್ಚಿ, ಕೊಂಬಿಗೆ ಬಣ್ಣ ಬಳಿದು, ಹಗ್ಗ ಹಿಡಿದು ಬೆಂಕಿಯಲ್ಲಿ ಓಡುತ್ತಿದ್ದರು. ಎಡಗಾಲಿನ ಮೇಲೆ ಸುಟ್ಟ ಕಲೆ ಕೊನೆಯವರೆಗೂ ಇತ್ತು.
ಯಾವ ಆಫೀಸಿನಿಂದಲೂ ನಾವು ಕಾಸು ಕೇಳಲಿಲ್ಲ. ಊರ ಹಬ್ಬ ಅಂದರೆ ಅವರವರು ಏನಾದರೂ ಹೊತ್ತು ತರಬೇಕು. ಹಂಗೆ ತಂದರೇ ಅದು ನಮ್ಮದು ಅನ್ನಿಸುವುದು. ಈಗ ಜಾಗ ನಮ್ಮ ಕೈಯಲ್ಲಿಲ್ಲ. ಅದನ್ನು ಕೇಳಿ.

2ನೇ ಕ್ರಾಸ್, 22
ಅಣ್ಣ, ಶೆಡ್ಡಿನವರು ಏನು ಹೊತ್ತು ತರುತ್ತಾರೆ?

1ನೇ ಕ್ರಾಸ್, 5
ಕೊಡ ನೀರು ತಂದವರೂ ಕಿಚ್ಚಿನ ಮುಂದೆ ಎಲ್ಲರ ಜೊತೆಗೇ ನಿಲ್ಲುತ್ತಿದ್ದರು ತಮ್ಮ. ಆ ಮಕ್ಕಳಿಗೆ ಸುರ್‌ಸುರ್‌ಬತ್ತಿ, ಹೂಕುಂಡ ನನ್ನ ಲೆಕ್ಕದಲ್ಲಿ ಬರೆದುಕೊಳ್ಳಿ. ಕರೆದುಕೊಂಡು ಬರುವ ಜವಾಬ್ದಾರಿ ನಿನ್ನದು.

2ನೇ ಕ್ರಾಸ್, 17
ಪೌರಕಾರ್ಮಿಕರನ್ನೂ ನೆನೆಸಿಕೊಳ್ಳಿ. ಹಬ್ಬದ ಮಾರನೆಯ ದಿನ ನಮ್ಮ ರಸ್ತೆ ಗುಡಿಸುವ ಅಕ್ಕ ಎಲೆ ರಾಶಿಯೊಳಗಿಂದ ಹೊಡೆಯದ ಪಟಾಕಿಗಳನ್ನು ಬೆರಳಲ್ಲಿ ಹೆಕ್ಕುತ್ತಿದ್ದರು. ಯಾರಾದರೂ ರಾಶಿಗೆ ಬೆಂಕಿ ಇಟ್ಟರೆ ಸಿಡಿಯುತ್ತದೆ ಅಂತ ಭಯ ಅವರಿಗೆ. ಕೈಯಲ್ಲಿ ಗ್ಲೌಸ್ ಇರಲಿಲ್ಲ. ಉಗುರಿನ ಸಂದಿಯೆಲ್ಲ ಬೆಳ್ಳಿ ಬಣ್ಣದ ಮದ್ದು. ನಾನು ಸೋಪು ಕೊಟ್ಟೆ, ಎರಡು ಸಲ ತೊಳೆದರೂ ಹೋಗಲಿಲ್ಲ.
ಪಾಲಿಕೆಯ ದುಡ್ಡು ಬೇಕಾಗಿರುವುದು ಇಲ್ಲಿಗೆ. ಒಂದೇ ಮೈದಾನ ಆದರೆ ಗುಡಿಸುವುದೂ ಒಂದೇ ಕಡೆ ಅಲ್ವಾ?

ಸಂಘದ ಕಾರ್ಯದರ್ಶಿ, ರಾತ್ರಿ 9:15
ಎಲ್ಲವನ್ನೂ ಎರಡು ಸಲ ಓದಿದೆ. ಪಾಲಿಕೆಯಿಂದ ಪೂರ್ತಿ ಖರ್ಚು ಕೇಳೋಣ ಅಂತಲೇ ಬೆಳಿಗ್ಗೆ ಬರೆಯೋಕೆ ಕೂತಿದ್ದೆ. ಈಗ ಅರ್ಜಿ ಬದಲಾಯಿಸಿದ್ದೇನೆ. ಪಟಾಕಿಗೆ ಒಂದು ರೂಪಾಯಿಯೂ ಕೇಳುವುದಿಲ್ಲ. ಮೈದಾನಕ್ಕೆ ಅನುಮತಿ, ಸುತ್ತ ಬ್ಯಾರಿಕೇಡ್, ಆ ಎರಡು ಗಂಟೆ ಒಂದು ಅಗ್ನಿಶಾಮಕ ಗಾಡಿ ಮತ್ತು ಆಂಬುಲೆನ್ಸ್, ಮಾರನೆಯ ದಿನ ಪೌರಕಾರ್ಮಿಕರಿಗೆ ಗ್ಲೌಸ್, ಬೂಟು, ಹೆಚ್ಚುವರಿ ಕೂಲಿ. ಇದು ಯಾವ ಹಬ್ಬಕ್ಕಾದರೂ, ಯಾರು ಕೇಳಿದರೂ ಕೊಡಬೇಕಾದದ್ದು. ನಾಳೆ ಬೇರೆಯವರು ತಮ್ಮ ಹಬ್ಬಕ್ಕೆ ಇದನ್ನೇ ಕೇಳಿದರೆ ನಾವೂ ಸಹಿ ಹಾಕೋಣ.

ಪಟಾಕಿ ಚಂದಾ ಎತ್ತಿ ತರೋಣ. ಬಲವಂತ ಇಲ್ಲ. ಡಬ್ಬದ ಮೇಲೆ ಹಸಿರು ಪಟಾಕಿ ಗುರುತು, ಕ್ಯೂಆರ್ ಕೋಡ್ ನೋಡಿ ಸ್ಕ್ಯಾನ್ ಮಾಡಿಯೇ ಕೊಳ್ಳಬೇಕು. ಹಸಿರು ಅಂದರೆ ಹೊಗೆ ಇಲ್ಲ ಅಂತಲ್ಲ, ಸುಮಾರು ಶೇ. 30ರಷ್ಟು ಕಡಿಮೆ ಅಷ್ಟೇ. ಅದಕ್ಕೇ 17ರವರ ಮನೆ ಕಡೆಯ ತುದಿ ಬಿಟ್ಟು ಮೈದಾನದ ಆ ಬದಿಯಲ್ಲಿ ಹೊಡೆಯೋಣ. ಠುಸ್ ಆದದ್ದನ್ನು ಯಾರೂ ಮುಟ್ಟಬಾರದು. ನೀರಿನ ಡ್ರಮ್ ಇಟ್ಟಿರುತ್ತೇವೆ, ಇಕ್ಕಳದಲ್ಲಿ ಹಿಡಿದು ಅದಕ್ಕೇ ಹಾಕುವುದು.

2ನೇ ಕ್ರಾಸ್, 22
ಪಾಲಿಕೆ ಪಟಾಕಿಗೂ ಕೊಡಬೇಕು ಅನ್ನುವ ನನ್ನ ಮಾತು ಹಾಗೇ ಇದೆ ಸರ್. ಆದರೂ ಸಹಿ ಹಾಕುತ್ತೇನೆ. ಶೆಡ್ಡಿನಲ್ಲಿ ನಾಳೆಯೇ ಮಕ್ಕಳ ಲೆಕ್ಕ ತೆಗೆದುಕೊಂಡು ಬರುತ್ತೇನೆ.

4ನೇ ಮೇನ್, 63
ಡ್ರಮ್ ನಮ್ಮ ಮನೆಯಲ್ಲಿ ಎರಡು ಇದೆ.

ಸಂಘದ ಕಾರ್ಯದರ್ಶಿ
ಭಾನುವಾರ ಸಂಜೆ 5ಕ್ಕೆ ಪಾರ್ಕಿನ ಗೇಟ್ ಹತ್ತಿರ ಬನ್ನಿ. ಅರ್ಜಿ ತಂದಿರುತ್ತೇನೆ. ಮರಳಿಗೆ ಯಾರಾದರೂ ಚೀಲ ಕೊಡುತ್ತೀರಾ?