ಪದಚರ್ಚೆ: ‘ಬೀಟಾ ಟೆಸ್ಟರ್’ಗೆ ನೋಟೀಸಿನಲ್ಲಿ ಹಾಕುವಂಥ ಪದ ಬೇಕು, ಅರ್ಜೆಂಟ್

ಸೋಮವಾರಪೇಟೆಯಿಂದ:
ಎಲ್ಲರಿಗೂ ನಮಸ್ಕಾರ. ತೋಟದ ಮಳೆ ಲೆಕ್ಕ ಬರೆದಿಡಲು ನಮ್ಮೂರ ಹುಡುಗರು ಒಂದು ಆ್ಯಪ್ ಮಾಡಿದ್ದಾರೆ. ಹೊಸ ವೈಯಕ್ತಿಕ ಖಾತೆಯಿಂದ ಪ್ಲೇ ಸ್ಟೋರಿಗೆ ಹಾಕಬೇಕಾದರೆ ಮೊದಲು 12 ಜನರಿಂದ ಸತತ 14 ದಿನ ಟೆಸ್ಟ್ ಮಾಡಿಸಬೇಕಂತೆ. ಹೀಗೆ ಬಿಡುಗಡೆಗೆ ಮುಂಚೆ ಬಳಸಿ ನೋಡಿ ತಪ್ಪು ಹೇಳುವವರೇ ಬೀಟಾ ಟೆಸ್ಟರ್. ಸಂಬಳ ಇಲ್ಲ. ಗೊಬ್ಬರದಂಗಡಿ ಗೋಡೆಗೆ ನೋಟೀಸ್ ಅಂಟಿಸೋಣ ಅಂತ ‘ಬೀಟಾ ಪರೀಕ್ಷಕರು ಬೇಕಾಗಿದ್ದಾರೆ’ ಎಂದು ಬರೆದೆ. ಅಂಗಡಿಯವರು ‘ಯಾವ ಸ್ಕೂಲಿಗೆ?’ ಅಂದರು.

ನಾನೂ ಟೆಸ್ಟ್ ಮಾಡುತ್ತಿದ್ದೇನೆ. ನಮ್ಮಲ್ಲಿ ಮಳೆ ಅಳೆಯುವುದು ಇಂಚು, ಸೆಂಟಿನಲ್ಲಿ ಅಲ್ವಾ, ನೂರು ಸೆಂಟಿಗೆ ಒಂದು ಇಂಚು. ಒಂದು ಇಂಚು ಐದು ಸೆಂಟು ಅಂತ ಹಾಕಿದರೆ ಆ್ಯಪ್ 1.05 ಬಿಟ್ಟು 1.5 ಅಂತ ಬರೆದುಕೊಂಡಿತು. ಕಾಫಿ ಹೂ ಅರಳಿಸುವ ಹೂಮಳೆ ಹೊತ್ತಿನಲ್ಲಿ ನಲವತ್ತೈದು ಸೆಂಟು ಸಣ್ಣ ವ್ಯತ್ಯಾಸವಲ್ಲ, ಸ್ಪ್ರಿಂಕ್ಲರ್ ಹಾಕಬೇಕೋ ಬೇಡವೋ ಅನ್ನುವುದೇ ಅದರ ಮೇಲೆ. ಯಾವ ಫೋನು, ಯಾವ ಆಂಡ್ರಾಯ್ಡ್, ಏನು ಒತ್ತಿದ ಮೇಲೆ ಹೀಗಾಯ್ತು ಅಂತ ಬರೆದು ಕಳಿಸಿದೆ. ಸರಿ ಮಾಡಿದರು. ಈಗ ನೆಟ್‌ವರ್ಕ್ ಹೋಗಿ ಬಂದರೆ ಒಂದೇ ಮಳೆ ಎರಡು ಸಲ ಸೇರುತ್ತದೆ. ಮತ್ತೆ ಬರೆದೆ. ಕೆಲಸ ಇಂಥದ್ದು. ನಾಳೆ ಬೆಳಿಗ್ಗೆ ಪ್ರಿಂಟಿಗೆ ಕೊಡಬೇಕು.

ವಿರಾಜಪೇಟೆಯಿಂದ:
ಒರೆಗಾರ. ಚಿನ್ನವನ್ನು ಒರೆಗೆ ಹಚ್ಚುತ್ತೇವೆ, ಒರೆಗಲ್ಲು ಎನ್ನುತ್ತೇವೆ. ಅಚ್ಚಗನ್ನಡದ ಬೇರು ಇರುವಾಗ ಸಂಸ್ಕೃತದ ‘ಪರೀಕ್ಷಕ’ ಯಾಕೆ? ‘ಬೀಟಾ’ ಅಂತೂ ಬೇಡವೇ ಬೇಡ. ಅದು ಗ್ರೀಕರ ಎರಡನೇ ಅಕ್ಷರ, ಅಷ್ಟೇ. ‘ಎರಡನೇ ಒರೆ’ ಅನ್ನಿ.

ಮಡಿಕೇರಿಯಿಂದ:
ಕತ್ತಿ ಇಡುವುದೂ ಒರೆಯಲ್ಲೇ ಸ್ವಾಮಿ. ಕೊಡಗಿನಲ್ಲಿ ‘ಒರೆಗಾರರು ಬೇಕಾಗಿದ್ದಾರೆ’ ಅಂತ ಬರೆದರೆ ಪೀಚೆಕತ್ತಿಗೆ ಒರೆ ಮಾಡುವವರು ಬಂದು ನಿಲ್ಲುತ್ತಾರೆ. ‘ಬೀಟಾ ಟೆಸ್ಟರ್’ ಅಂತಲೇ ಹಾಕಿ.

ವಿರಾಜಪೇಟೆಯಿಂದ:
ಆ ಒರೆ ಬೇರೆ, ಈ ಒರೆ ಬೇರೆ. ನಿಘಂಟು ತೆರೆದು ನೋಡುವ ಅಭ್ಯಾಸ ಇದ್ದವರಿಗೆ ಗೊತ್ತಿರುತ್ತದೆ. ಸಿಕ್ಕಿದ್ದನ್ನೆಲ್ಲ ಎರವಲು ತಂದರೆ ಕನ್ನಡದಲ್ಲಿ ಪ್ರತ್ಯಯ ಮಾತ್ರ ಉಳಿಯುತ್ತದೆ.

ಮಡಿಕೇರಿಯಿಂದ:
ನಿಮ್ಮ ತೋಟದ ಲೈನ್‌ಮನೆಗೆ ಏನನ್ನುತ್ತೀರಿ? ರೈಟರಿಗೆ? ಪಲ್ಪರಿಗೆ? ಇಂಚು, ಸೆಂಟು ಯಾವ ಅಚ್ಚಗನ್ನಡ? ‘ಕಾಫಿ’ಯ ಬೇರು ಅರಬ್ಬಿಯಲ್ಲಿದೆ, ಅದನ್ನೂ ಕಿತ್ತು ಹಾಕುತ್ತೀರಾ?

ಗೋಣಿಕೊಪ್ಪಲಿನಿಂದ:
ಇಬ್ಬರೂ ಸ್ವಲ್ಪ ನಿಲ್ಲಿಸಿ, ಅವರಿಗೆ ನಾಳೆ ಪ್ರಿಂಟ್ ಇದೆ. ನೋಟೀಸಿನಲ್ಲಿ ನಾಮಪದವೇ ಬೇಕು ಅಂತ ಏನಿದೆ? ‘ಹೊಸ ಮಳೆ ಆ್ಯಪ್ ಬಳಸಿ ನೋಡಿ, ತಪ್ಪು ಕಂಡರೆ ತಿಳಿಸಿ’ ಅಂದರೆ ಸಾಕು. ಎಷ್ಟು ದಿನ, ಯಾವ ಫೋನು ಅನ್ನುವುದನ್ನು ಮಾತ್ರ ದಪ್ಪಕ್ಷರದಲ್ಲಿ ಹಾಕಿ. ಎರಡು ದಿನ ನೋಡಿ ಬಿಟ್ಟು ಹೋಗುವವರೇ ಜಾಸ್ತಿ.

ಸೋಮವಾರಪೇಟೆಯಿಂದ:
ಇದು ಚೆನ್ನಾಗಿದೆ, ಹೀಗೇ ಹಾಕುತ್ತೇನೆ. ‘ಒರೆಗಾರ’ವನ್ನು ಆ್ಯಪ್ ಒಳಗೆ, ಸಹಕರಿಸಿದವರ ಪಟ್ಟಿಯ ಮೇಲೆ ಬಳಸಬಹುದಾ ಅಂತ ಹುಡುಗರನ್ನು ಕೇಳುತ್ತೇನೆ.

ವಿರಾಜಪೇಟೆಯಿಂದ:
ಪಟ್ಟಿಯಲ್ಲಾದರೆ ಬಹುವಚನ ‘ಒರೆಗಾರರು’. ‘ಒರೆಗಾರ್ಸ್’ ಅಂತ ಮಾಡಿಬಿಟ್ಟಾರು, ಹೇಳಿಡಿ.